ಆರುನೂರ ನಲವತ್ತು ಹೆಸರುಗಳ ಪಟ್ಟಿ

"ಯಾರಿವಳು? ಇವಳ ಕೈಗೆ ಮೈಕ್ ಕೊಟ್ಟೋರು ಯಾರು?"

ವೇದಿಕೆಯ ಮೇಲಿದ್ದವನು ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟಿದ್ದ, ಅಷ್ಟೇ. ಆದರೆ ಅವನ ಅಂಗಿಗೆ ಸಿಕ್ಕಿಸಿದ್ದ ಪುಟ್ಟ ಮೈಕ್ ಇನ್ನೂ ಆನ್ ಇತ್ತು! ಎರಡು ಸಾವಿರ ಜನ ತುಂಬಿದ್ದ ಸಭಾಂಗಣಕ್ಕೆಲ್ಲ ಆ ಮಾತು ಕೇಳಿಸಿಬಿಟ್ಟಿತು.

ಹಿಂದಿನ ಸಾಲುಗಳಿಂದ ನಗು ಎದ್ದಿತು. ಸಭೆಯ ನಡುವೆ ಮೈಕ್ ಹಿಡಿದು ನಿಂತಿದ್ದ ಮಸ್ತೂರಾ ಮಾತ್ರ ನಗಲಿಲ್ಲ.

"ನಾನು ಮಸ್ತೂರಾ ಗಝಾಲಿ. ಮೂರನೇ ಬ್ಲಾಕಿನ ಟೆಸ್ಟಿಂಗ್ ಲೈನ್ ಲೀಡರ್. ಕಾರ್ಮಿಕ ಸಂಘದ ಕಾರ್ಯದರ್ಶಿ. ಹನ್ನೊಂದು ವರ್ಷದಿಂದ ಇಲ್ಲೇ ಇದೀನಿ. ನೀವ್ಯಾರು?"

ಈ ಸಲ ನಗುವಿನ ಜೊತೆ ಚಪ್ಪಾಳೆಯೂ ಬಿತ್ತು. ಅವನ ಕಿವಿ ಕೆಂಪಾಯಿತು. ಮುಖ ಮಾತ್ರ ಕಲ್ಲಿನ ಹಾಗೇ ಇತ್ತು.

"ಹೈಕಲ್ ರಿದ್ಝುವಾನ್. ಕೌಲಾಲಂಪುರದ ಹಣಕಾಸು ವಿಭಾಗ."

"ಸರಿ, ಎನ್ಚಿಕ್ ಹೈಕಲ್," ಎಂದಳು, 'ಶ್ರೀಯುತ' ಎಂಬ ಅರ್ಥದ ಆ ಮಲಯ್ ಮಾತನ್ನು ಒತ್ತಿ. "ಹತ್ತು ನಿಮಿಷದ ಹಿಂದೆ ಈ ವರ್ಷದ ಲಾಭ ಮೂವತ್ತೊಂದು ಪರ್ಸೆಂಟ್ ಏರಿದೆ ಅಂದ್ರಿ. ಕಂಪನಿ ಇತಿಹಾಸದಲ್ಲೇ ಇಷ್ಟು ಲಾಭ ಬಂದಿಲ್ಲ ಅಂದ್ರಿ. ನಾವೂ ಕೈ ನೋಯೋ ಹಾಗೆ ಚಪ್ಪಾಳೆ ಹೊಡೆದ್ವಿ. ಆಮೇಲೆ ಮೂರನೇ ಬ್ಲಾಕ್ ಮುಚ್ತೀವಿ, ಆರುನೂರ ನಲವತ್ತು ಜನ ಮನೆಗೆ ಹೋಗ್ಬೇಕು ಅಂದ್ರಿ. ಎರಡೂ ಒಂದೇ ಬಾಯಲ್ಲಿ ಹೇಗ್ ಬಂತು?"

"ಲಾಭ ಇಡೀ ಕಂಪನೀದು," ಅವನು ಒಂದೊಂದೇ ಪದವನ್ನು ಅಳೆದಂತೆ ಹೇಳಿದ. "ನಷ್ಟ ನಿಮ್ಮ ಬ್ಲಾಕಿಂದು. ಎರಡು ವರ್ಷದಿಂದ ಸತತವಾಗಿ."

"ಓಹೋ! ಊಟ ಎಲ್ಲರದ್ದು, ಎಂಜಲು ಮಾತ್ರ ನಮ್ದಾ?"

ಸಭಾಂಗಣ ಭೋರ್ಗರೆಯಿತು. ಯಾರೋ ಮಸ್ತೂರಾಳ ಕೈಯಿಂದ ಮೈಕ್ ಕಿತ್ತುಕೊಂಡರು. ಅವಳು ಕೂರಲಿಲ್ಲ. ವೇದಿಕೆಯ ಮೇಲಿನ ಆ ಎರಡು ಕಣ್ಣುಗಳನ್ನೇ ದಿಟ್ಟಿಸುತ್ತ ನಿಂತಳು. ಅವನೂ ಕಣ್ಣು ತಗ್ಗಿಸಲಿಲ್ಲ.

'ಎಷ್ಟು ಸೊಕ್ಕು ಇವನಿಗೆ!' ಎಂದುಕೊಂಡಳು ಮಸ್ತೂರಾ.

'ಎಷ್ಟು ಸೊಕ್ಕು ಇವಳಿಗೆ!' ಎಂದುಕೊಂಡ ಹೈಕಲ್.

ಸೆಲಾಟ್ ಮೈಕ್ರೋ ಎಂದರೆ ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ ಗೊತ್ತಿಲ್ಲದವರಿಲ್ಲ. ಹದಿನಾಲ್ಕು ಸಾವಿರ ಜನರ ಅನ್ನದ ತಟ್ಟೆ ಅದು. ಫೋನು, ಕಾರು, ಆಸ್ಪತ್ರೆಯ ಯಂತ್ರ... ಎಲ್ಲದರ ಒಳಗೂ ಇರುವ ಚಿಪ್‌ಗಳನ್ನು ಅಲ್ಲಿ ಜೋಡಿಸಿ, ಪರೀಕ್ಷಿಸಿ, ಜಗತ್ತಿಗೆಲ್ಲ ಕಳಿಸುತ್ತಿದ್ದರು. ಬಾಯಾನ್ ಲೆಪಾಸ್‌ನ ಬಸ್ಸುಗಳು ಬೆಳಗ್ಗೆ ತುಂಬುವುದೂ ಸಂಜೆ ತುಂಬುವುದೂ ಆ ಕಂಪನಿಯ ನೀಲಿ ಸಮವಸ್ತ್ರದಿಂದಲೇ.

ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಯಾರ ಗಂಟಲಲ್ಲೂ ಅನ್ನ ಇಳಿಯಲಿಲ್ಲ. ಹಬ್ಸಾ ಒಬ್ಬಳೇ ತೆಂಗಿನಹಾಲಿನ ಅನ್ನದ ತನ್ನ ನಾಸಿ ಲೆಮಾಕ್ ಪೊಟ್ಟಣ ಬಿಚ್ಚಿ, ಖಾರದ ಸಾಂಬಾಲ್ ಕಲಸಿ ತಿನ್ನುತ್ತಿದ್ದಳು. ಐವತ್ತೊಂದು ವರ್ಷ, ಅದರಲ್ಲಿ ಇಪ್ಪತ್ತೇಳು ಇದೇ ಬ್ಲಾಕಿನಲ್ಲಿ. ಲೈನಿನ ಹೆಂಗಸರಿಗೆಲ್ಲ ಅವಳು ಕಾಕ್ ಹಬ್ಸಾ, ದೊಡ್ಡಕ್ಕ.

"ಕಾಕ್, ನಿಮಗೆ ಹೊಟ್ಟೆಗೆ ಹೇಗ್ ಹೋಗುತ್ತೆ ಈಗ?" ಮಸ್ತೂರಾ ಕೇಳಿದಳು.

"ಜಗಳ ಆಡೋಕೆ ಶಕ್ತಿ ಬೇಡ್ವೇನೇ? ನೀನೂ ತಿನ್ನು." ಹಬ್ಸಾ ಒಂದು ತುತ್ತು ಅವಳ ಕಡೆ ಚಾಚಿದಳು. "ಅಂದ ಹಾಗೆ, ಹುಡುಗ ನೋಡೋಕೆ ಚೆನ್ನಾಗಿದಾನೆ ಅಲ್ವಾ?"

"ಕಾಕ್!!"

"ಚೆನ್ನಾಗಿದಾನೆ ಅಂದೆ. ಒಳ್ಳೆಯವನು ಅಂದ್ನಾ?"

ಮಸ್ತೂರಾಳ ಕಣ್ಣಲ್ಲಿ ನೀರಾಡಿತು. ಹಬ್ಸಾ ನಗು ನಿಲ್ಲಿಸಿದಳು. ಅವಳಿಗೆ ಗೊತ್ತಿತ್ತು, ಈ ಕಣ್ಣೀರು ಇವತ್ತಿನದಲ್ಲ.

ಇಪ್ಪತ್ತೆರಡನೇ ವಯಸ್ಸಿನಲ್ಲಿ ಮಸ್ತೂರಾ ಬೇರೊಂದು ಕಾರ್ಖಾನೆಯಲ್ಲಿದ್ದಳು. ಒಂದು ಶುಕ್ರವಾರ ಅಲ್ಲಿನ ಮ್ಯಾನೇಜರ್ ಎಲ್ಲರಿಗೂ ಸಿಹಿ ಹಂಚಿ, 'ನಾವೆಲ್ಲ ಒಂದೇ ಕುಟುಂಬ' ಎಂದು ನಗುನಗುತ್ತ ಹೇಳಿದ್ದ. ಸೋಮವಾರ ಬೆಳಗ್ಗೆ ಗೇಟಿನಲ್ಲಿ ಅವಳ ಕಾರ್ಡ್ ಕೆಲಸ ಮಾಡಲಿಲ್ಲ. ಬಿಸಿಲಲ್ಲಿ ಮುನ್ನೂರು ಜನರೊಂದಿಗೆ ನಿಂತಿದ್ದಳು. ಅವಳಿಗೆ ಮದುವೆ ನಿಶ್ಚಯವಾಗಿದ್ದ ಹುಡುಗನ ತಾಯಿ ಮರುವಾರವೇ ಉಂಗುರ ವಾಪಸು ಕೇಳಲು ಬಂದರು. 'ನಮ್ಮ ಮಗನಿಗೆ ಕೆಲಸದಲ್ಲಿರೋ ಹುಡುಗಿ ಬೇಕಮ್ಮ...' ಆ ಹುಡುಗ ಕಾರಿನಿಂದ ಇಳಿಯಲೂ ಇಲ್ಲ.

ಅಂದಿನಿಂದ ಅವಳಿಗೆ ಎರಡು ಜಾತಿಯ ಗಂಡಸರನ್ನು ಕಂಡರೆ ಆಗದು. ಟೈ ಕಟ್ಟಿ ಅಂಕಿ ಓದುವವರು ಒಂದು. ಕಾರಿನಿಂದ ಇಳಿಯದವರು ಇನ್ನೊಂದು.

ಮರುದಿನ ಕಂಪನಿಯಿಂದ ಆದೇಶ ಬಂತು. ಯಾರು ಹೋಗಬೇಕು, ಯಾವ ಷರತ್ತಿನ ಮೇಲೆ ಹೋಗಬೇಕು ಎಂಬುದನ್ನು ನಾಲ್ಕು ವಾರಗಳಲ್ಲಿ ಕೂತು ಮಾತಾಡಿ ತೀರ್ಮಾನಿಸಬೇಕು. ಕಂಪನಿಯ ಪರವಾಗಿ ಒಬ್ಬರು, ಸಂಘದ ಪರವಾಗಿ ಒಬ್ಬರು.

ಮಸ್ತೂರಾ ಆ ಪುಟ್ಟ ಕೋಣೆಯ ಬಾಗಿಲು ತೆರೆದಾಗ ಹೈಕಲ್ ಆಗಲೇ ಕೂತಿದ್ದ.

"ನೀವಾ?"

"ನನಗೂ ಖುಷಿ ಏನಿಲ್ಲ, ಚಿಕ್ ಮಸ್ತೂರಾ," ಎಂದ ಅವನು ತಲೆ ಎತ್ತದೆ, ಕುಮಾರಿ ಎಂಬ ಅರ್ಥದ 'ಚಿಕ್' ಸೇರಿಸಿ. "ಕೂತ್ಕೊಳ್ಳಿ. ಮೊದಲ ಪುಟದಿಂದ ಶುರು ಮಾಡೋಣ."

ಆರುನೂರ ನಲವತ್ತು ಹೆಸರುಗಳು. ಅವಳು ಒಂದೊಂದೇ ಕಾಗದ ತಿರುವುತ್ತ ಹೋದಳು. ಹಬ್ಸಾಳ ಹೆಸರು ಏಳನೇ ಪುಟದಲ್ಲಿತ್ತು. ಅವಳದ್ದು ಹತ್ತೊಂಬತ್ತನೆಯದರಲ್ಲಿ.

"ಇದನ್ನ ಬರೆದೋರು ಯಾರು?"

"ಪಟ್ಟಿ ಮಾಡಿದ್ದು ಕಂಪ್ಯೂಟರ್. ಬ್ಲಾಕಿನ ಖರ್ಚು, ಬ್ಲಾಕಿನ ಆದಾಯ... ಅದರ ಮೇಲೆ."

"ಕಂಪ್ಯೂಟರ್‌ಗೆ ಹೇಳ್ಕೊಟ್ಟೋರು?"

ಅವನು ಮುಂದಿನ ಪುಟ ತಿರುವಿದ.

"ನೀವು ಯಾವತ್ತಾದ್ರೂ ನಮ್ಮ ಬ್ಲಾಕಿನ ಒಳಗೆ ಕಾಲಿಟ್ಟಿದೀರಾ, ಎನ್ಚಿಕ್?"

"ಅಂಕಿಅಂಶ ಎಲ್ಲ ನನ್ನ ಹತ್ರ ಇದೆ."

"ನಾನು ಕೇಳಿದ್ದು ಕಾಲಿನ ಬಗ್ಗೆ. ತಲೆ ಬಗ್ಗೆ ಅಲ್ಲ."

ಅವನು ಪೆನ್ನು ಮೇಜಿನ ಮೇಲಿಟ್ಟ. ಮೊದಲ ಸಲ ಅವನ ಮುಖದಲ್ಲಿ ಸಿಟ್ಟು ಕಾಣಿಸಿತು. "ಸರಿ. ನಾಳೆ ಬೆಳಗ್ಗೆ ಏಳಕ್ಕೆ ಬರ್ತೀನಿ. ಪೂರ್ತಿ ಶಿಫ್ಟ್. ಆಮೇಲಾದ್ರೂ ನೀವು ಕೆಲಸದ ಮಾತಾಡ್ತೀರಾ?"

"ಹನ್ನೆರಡು ಗಂಟೆ ನಿಂತ್ಕೋಬೇಕು. ಗೊತ್ತಲ್ಲ?"

"ನನಗೂ ಕಾಲಿದೆ."

ಬಂದ! ನಿಜಕ್ಕೂ ಬಂದ. ಆದರೆ ಧೂಳು ತಾಗಬಾರದ ಟೆಸ್ಟಿಂಗ್ ಕೋಣೆಗೆ ಹೋಗುವಾಗ ಹಾಕುವ ಬಿಳಿ ಉಡುಪನ್ನು ತಿರುಗಾಮುರುಗಾ ತೊಟ್ಟು ಬಂದ. ಮಾಸ್ಕಿನ ಮೇಲೆ ಕನ್ನಡಕ ಮಂಜಾಗಿ, ಗೋಡೆಗೆ ಡಿಕ್ಕಿ ಹೊಡೆದು ನಿಂತ. ಲೈನಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು.

"ಅಯ್ಯೋ, ಕೌಲಾಲಂಪುರದಲ್ಲಿ ಬಟ್ಟೆ ಹಾಕ್ಕೊಳ್ಳೋದೂ ಬೇರೆಯವರೇನಾ?" ಹಬ್ಸಾ ಅವನ ಕಾಲರ್ ಹಿಡಿದು ಸರಿಪಡಿಸಿದಳು. "ಬಾ ಮಗಾ, ನನ್ನ ಪಕ್ಕ ನಿಂತ್ಕೋ. ಏನನ್ನೂ ಮುಟ್ಬೇಡ. ಮುಟ್ಟಿದ್ರೆ ಬೆರಳಿಗೆ ಹೊಡೀತೀನಿ."

ಅವನು ನಿಂತ. ಚಹಾದ ಹೊತ್ತಿಗೆ ಹೋಗುತ್ತಾನೆ ಎಂದುಕೊಂಡಳು ಮಸ್ತೂರಾ... ಹೋಗಲಿಲ್ಲ. ಊಟದ ನಂತರ ಹೋಗುತ್ತಾನೆ ಎಂದುಕೊಂಡಳು... ವಾಪಸು ಬಂದು ಅದೇ ಜಾಗದಲ್ಲಿ ನಿಂತ. ಸಂಜೆ ಏಳಕ್ಕೆ ಹೊರಬಂದು ಬೂಟು ಬಿಚ್ಚುವಾಗ ಅವನ ಹಿಮ್ಮಡಿಯಲ್ಲಿ ರಕ್ತ ಒಸರುತ್ತಿತ್ತು.

ಮಸ್ತೂರಾ ತನ್ನ ಲಾಕರಿನಿಂದ ಬ್ಯಾಂಡೇಜ್ ಪಟ್ಟಿಗಳ ಡಬ್ಬಿ ತೆಗೆದು ಅವನ ಪಕ್ಕಕ್ಕೆ ಎಸೆದಳು.

"ಕನಿಕರ ಅಂದ್ಕೋಬೇಡಿ. ನಾಳೆ ಬರ್ದೇ ಇರೋಕೆ ನಿಮಗೊಂದು ನೆಪ ಸಿಗಬಾರ್ದು, ಅಷ್ಟೇ."

"ನಾಳೆ ಬರ್ಬೇಕು ಅಂತ ನಾನ್ಯಾವಾಗ ಒಪ್ಪಿದ್ದೆ?"

"ಹೆದರ್ಕೊಂಡ್ರಾ?"

ಅವನು ಪಟ್ಟಿ ಅಂಟಿಸಿಕೊಳ್ಳುತ್ತ ಅವಳನ್ನು ನೋಡಿದ. ತುಟಿಯ ಮೂಲೆಯಲ್ಲೆಲ್ಲೋ ಒಂದು ನಗು ಇಣುಕಿ ಮಾಯವಾಯಿತು. "ಏಳು ಗಂಟೆಗೆ," ಎಂದ.

ಮನೆಗೆ ಹೋಗುವ ಬಸ್ಸಿನಲ್ಲಿ ಮಸ್ತೂರಾಗೆ ತನ್ನ ಮೇಲೇ ಕೋಪ ಬಂತು. 'ಅವನ ಕಾಲು ನೊಂದರೆ ನನಗೇನು? ಇಷ್ಟೊತ್ತೂ ಅದನ್ನೇ ಯಾಕೆ ಯೋಚಿಸ್ತಿದೀನಿ?'

ಎರಡು ವಾರ ಹಾಗೇ ಕಳೆಯಿತು. ಅರ್ಧ ದಿನ ಲೈನಿನಲ್ಲಿ, ಅರ್ಧ ದಿನ ಕೋಣೆಯಲ್ಲಿ. ಕೋಣೆಯಲ್ಲಿ ಅವರು ಆಡದ ಜಗಳವಿಲ್ಲ. ಒಮ್ಮೆ ಅವಳು ಕಾಗದ ಹರಿದು ಎಸೆದಳು. ಒಮ್ಮೆ ಅವನು ಬಾಗಿಲು ಬಡಿದು ಹೊರನಡೆದ. ಹತ್ತು ನಿಮಿಷದ ಬಳಿಕ ಎರಡು ಲೋಟ ತೆಹ್ ತಾರಿಕ್, ಅಂದರೆ ನೊರೆ ಚಹಾ, ಹಿಡಿದು ವಾಪಸು ಬಂದ. ಒಂದನ್ನು ಮಾತಿಲ್ಲದೆ ಅವಳ ಮುಂದಿಟ್ಟ.

"ಸಕ್ಕರೆ ಕಮ್ಮಿ ಹಾಕ್ಸಿದೀನಿ. ನೀವು ಹಾಗೇ ಕುಡಿಯೋದು."

"ಅದೂ ನಿಮ್ಮ ಅಂಕಿಅಂಶದಲ್ಲಿ ಇದೆಯಾ?"

"ಇಲ್ಲ," ಎಂದ. "ನೋಡಿದೀನಿ."

ಮಸ್ತೂರಾ ಲೋಟ ಕೈಗೆತ್ತಿಕೊಂಡಳು. ಅವಳ ಎದೆಯಲ್ಲಿ ಏನೋ ಒಂದು ಮೆಲ್ಲಗೆ ಸಡಿಲವಾಯಿತು... ಆ ದಿನ ಯಾಕೋ ಆ ಗೇಟಿನ ಕಥೆಯನ್ನೂ ಉಂಗುರದ ಕಥೆಯನ್ನೂ ಅವನಿಗೆ ಹೇಳಿಬಿಟ್ಟಳು. ಹಬ್ಸಾಳ ಹೊರತು ಯಾರಿಗೂ ಹೇಳದ ಕಥೆ.

ಅವನು ಮೇಜಿನ ಮೇಲಿದ್ದ ಪಟ್ಟಿಯನ್ನು ಮುಚ್ಚಿಟ್ಟ. ಆಮೇಲೆ, "ಈ ಪಟ್ಟಿ ಇಲ್ಲಿಂದ ಹೊರಡೋ ಮೊದಲು ನಿಮಗೆ ತೋರಿಸ್ತೀನಿ. ನಿಮಗೆ ಗೊತ್ತಿಲ್ದೆ ಏನೂ ಆಗಲ್ಲ. ಮಾತು ಕೊಡ್ತೀನಿ," ಎಂದ.

"ನಿಮ್ಮಂಥೋರ ಮಾತು ನಾನು ನಂಬಲ್ಲ, ಎನ್ಚಿಕ್."

"ನಂಬ್ಬೇಡಿ. ನೋಡಿ."

ಆದರೆ ಅವಳು ನಂಬಿದ್ದಳು. ಅದೇ ಅವಳಿಗೆ ಭಯ.

ಮೂರನೇ ವಾರದ ಮಂಗಳವಾರ. ಹಬ್ಸಾ ಹಸಿರು ಚೀಟಿ ಅಂಟಿಸಿದ್ದ ಚಿಪ್‌ಗಳ ಟ್ರೇ ಒಂದನ್ನು ಯಂತ್ರಕ್ಕೆ ತೂರಿಸುತ್ತಿದ್ದಳು.

"ಕಾಕ್, ಈ ಹಸಿರು ಚೀಟಿ ಯಾವುದು?" ಹೈಕಲ್ ಕೇಳಿದ.

"ಇವು ನಮ್ಮವಲ್ಲ ಮಗಾ. ಕುಲಿಮ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿದಾರಲ್ಲ, ಪೂರಾ ಯಂತ್ರವೇ ಕೆಲಸ ಮಾಡೋದು ಅಂತ ಬೀಗ್ತಾರಲ್ಲ... ಅಲ್ಲಿಂದ ಬಂದಿದ್ದು. ಅವರ ಯಂತ್ರ ಕೆಟ್ಟದ್ದು ಅಂತ ಎಸೆದಿದ್ದನ್ನ ನಾವು ಮತ್ತೆ ಟೆಸ್ಟ್ ಮಾಡ್ತೀವಿ. ನೂರಕ್ಕೆ ಅರವತ್ತು ಚೆನ್ನಾಗೇ ಇರುತ್ತೆ!"

"ದಿನಕ್ಕೆ ಎಷ್ಟು ಹೊತ್ತು ಇದೇ ಕೆಲಸ?"

"ನಮ್ಮ ಅರ್ಧ ದಿನ ಇದಕ್ಕೇ ಹೋಗುತ್ತೆ. ಎರಡು ವರ್ಷದಿಂದ."

"ಚೆನ್ನಾಗಿರೋ ಚಿಪ್ ಎಲ್ಲಿಗೆ ಹೋಗುತ್ತೆ?"

"ವಾಪಸ್ ಕುಲಿಮ್‌ಗೆ. ಅಲ್ಲಿಂದ ಮಾರ್ತಾರೆ. ಹೆಸರು ಅವರದ್ದು."

ಮಾಸ್ಕಿನ ಮೇಲೆ ಕಾಣುತ್ತಿದ್ದ ಅವನ ಕಣ್ಣುಗಳು ಕಲ್ಲಾದವು. ದುಡಿಮೆ ಇಲ್ಲಿಯದು, ಲಾಭ ಅಲ್ಲಿಯದು. ಖರ್ಚು ಮಾತ್ರ ಮೂರನೇ ಬ್ಲಾಕಿನ ತಲೆಗೆ! ಅವನು ಸರಸರನೆ ಲೈನಿನಿಂದ ಹೊರಟುಹೋದ. ಮಸ್ತೂರಾ ಕರೆದರೂ ತಿರುಗಲಿಲ್ಲ.

ಬುಧವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ಫೋನ್ ಎತ್ತಲಿಲ್ಲ.

ಶುಕ್ರವಾರ ಬೆಳಗ್ಗೆ ಅವಳು ಆ ಕೋಣೆಗೆ ಹೋದಾಗ ಮೇಜಿನ ಮೇಲೆ ಒಂದು ಹಳೆಯ ಕಡತ ತೆರೆದು ಬಿದ್ದಿತ್ತು. ಎರಡು ವರ್ಷದ ಹಿಂದಿನ ದಿನಾಂಕ. 'ಕುಲಿಮ್‌ನಿಂದ ಬರುವ ಚಿಪ್‌ಗಳ ಮರುಪರೀಕ್ಷೆಯ ಖರ್ಚನ್ನು ಮೂರನೇ ಬ್ಲಾಕಿಗೇ ಸೇರಿಸತಕ್ಕದ್ದು.' ಕೆಳಗೆ ರುಜು...

ಹೈಕಲ್ ರಿದ್ಝುವಾನ್.

ಅವಳು ಆ ರುಜುವಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದಳು.

"ಮಸ್ತೂರಾ..." ಬಾಗಿಲಲ್ಲಿ ಅವನು ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ. ಕಣ್ಣು ಕೆಂಪಾಗಿತ್ತು.

"ಇದು ನಿಮ್ಮ ರುಜುನಾ?"

"ಹೌದು."

"ನೀವೇ ಬರೆದಿದ್ದಾ?"

"ನಾನೇ. ಆದ್ರೆ ಆಗ ನನಗೆ..."

"ಸಾಕು!" ಅವಳ ದನಿ ಒಡೆಯಿತು. "ನಮ್ಮ ಕುತ್ತಿಗೆಗೆ ಹಗ್ಗ ನೀವೇ ಹೊಸೆದು, ನಮ್ಮ ಜೊತೆನೇ ಕೂತು ಅನ್ನ ತಿಂದ್ರಿ! ಕಾಕ್ ಹಬ್ಸಾ ನಿಮ್ಮನ್ನ ಮಗಾ ಅಂತಾರೆ... ಮಗಾ ಅಂತಾರೆ ಕಣ್ರೀ!"

"ಅದೊಂದು ಸಣ್ಣ ಟಿಪ್ಪಣಿ ಆಗಿತ್ತು. ಕುಲಿಮ್ ಶುರುವಾಗೋವರೆಗೆ, ಮೂರೇ ತಿಂಗಳಿಗೆ ಅಂತ ಹೇಳಿದ್ರು. ಆಮೇಲೆ ಅದನ್ನ ಯಾರೂ ತೆಗೀಲಿಲ್ಲ. ನಾನೂ ಮತ್ತೆ ತಿರುಗಿ ನೋಡ್ಲಿಲ್ಲ. ಮಂಗಳವಾರದವರೆಗೂ ನನಗೆ ಹೊಳೆದಿರ್ಲಿಲ್ಲ, ಮಸ್ತೂರಾ."

"ಹೊಳೆದ ಮೇಲೆ ಮೂರು ದಿನ ಎಲ್ಲಿ ಅಡಗಿದ್ರಿ? ನನಗೆ ಗೊತ್ತಿಲ್ದೆ ಏನೂ ಆಗಲ್ಲ ಅಂದೋರು ನೀವೇ ಅಲ್ವಾ?"

ಅವನ ಫೋನ್ ರಿಂಗಣಿಸಿತು. ಪರದೆಯ ಮೇಲೆ ಹೆಸರು ಅವಳಿಗೂ ಕಾಣಿಸಿತು. ದಾತೋ ರಶ್ದಾನ್, 'ದಾತೋ' ಎಂಬ ರಾಜಬಿರುದು ಪಡೆದ ಕಂಪನಿಯ ಹಣಕಾಸು ಮುಖ್ಯಸ್ಥರು. ಹೈಕಲ್ ಅವಳ ಎದುರೇ ಫೋನ್ ಎತ್ತಿದ. ಆ ಕೋಣೆಯ ಮೌನದಲ್ಲಿ ಆಚೆಯ ದನಿ ಸ್ಪಷ್ಟವಾಗಿ ಕೇಳಿಸಿತು.

"ಹೈಕಲ್, ಸೋಮವಾರ ಇಲ್ಲಿರ್ಬೇಕು. ನನ್ನ ಕೆಳಗಿನ ಕುರ್ಚಿ ನಿನಗೇ ಅಂತ ತೀರ್ಮಾನ ಆಗಿದೆ. ಆ ಪಟ್ಟಿ ಮುಗಿಸ್ಕೊಂಡು ಬಾ. ಬೇರೆ ಏನನ್ನೂ ಕೆದಕ್ಬೇಡ."

"ಬರ್ತೀನಿ, ದಾತೋ," ಎಂದ ಹೈಕಲ್.

ಬರ್ತೀನಿ! ಅಷ್ಟೇ!

"ಹೋಗಿ," ಎಂದಳು ಮಸ್ತೂರಾ. ಈಗ ಅವಳ ದನಿಯಲ್ಲಿ ಕೂಗಾಟವಿರಲಿಲ್ಲ. "ಕುರ್ಚಿ ಕಾಯ್ತಾ ಇದೆ. ಇನ್ನೊಂದ್ಸಲ ನನ್ನ ಮುಖದ ಮುಂದೆ ಬರ್ಬೇಡಿ."

ಅವನು ಏನೋ ಹೇಳಲು ಬಾಯಿ ತೆರೆದ. ಅವಳು ಆಗಲೇ ಬೆನ್ನು ತಿರುಗಿಸಿದ್ದಳು. ಅವನ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಗುವವರೆಗೆ ಹಾಗೇ ನಿಂತಿದ್ದು, ಆಮೇಲೆ ಕುರ್ಚಿಯಲ್ಲಿ ಕುಸಿದಳು. ಅತ್ತಳು. 'ಈ ಸಲವೂ ನಾನೇ ಮೋಸಹೋದೆನಲ್ಲ...'

ಆ ಹಳೆಯ ಕಡತವನ್ನು ಅವಳು ಬಿಡಲಿಲ್ಲ. ಒಂದು ಪ್ರತಿ ತೆಗೆದಳು. ಸಂಘದ ವಕೀಲರ ಹತ್ತಿರ ಓಡಿದಳು. ಮೂರನೇ ಬ್ಲಾಕಿನ ಹೆಂಗಸರೆಲ್ಲ ಗೇಟಿನ ಮುಂದೆ ಕೂರಲು ತಯಾರಾದರು.

ಕೂರಬೇಕಾಗಲೇ ಇಲ್ಲ! ಮುಂದಿನ ಗುರುವಾರ ಕಂಪನಿಯಿಂದ ಪ್ರಕಟಣೆ ಬಂತು. ಫಲಿತಾಂಶವನ್ನು ತಿದ್ದಿ ಹೊಸದಾಗಿ ಪ್ರಕಟಿಸಿದ್ದರು. ಕಂಪನಿಯ ಒಟ್ಟು ಲಾಭ ಮೊದಲಿನಷ್ಟೇ. ಆದರೆ ನಷ್ಟದಲ್ಲಿದ್ದದ್ದು ಮೂರನೇ ಬ್ಲಾಕ್ ಅಲ್ಲ, ಕುಲಿಮ್! ಬ್ಲಾಕ್ ಮುಚ್ಚುವುದಿಲ್ಲ. ತಾವಾಗಿಯೇ ನಿವೃತ್ತಿ ಬಯಸಿದವರು ಮಾತ್ರ ಹೋಗಬಹುದು.

ಲೈನಿನಲ್ಲಿ ಯಾರೂ ಯಾರ ಮಾತನ್ನೂ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಹಬ್ಸಾ ಮಾಸ್ಕಿನ ಒಳಗೇ ಗಳಗಳನೆ ಅತ್ತಳು. ಎಲ್ಲರೂ ಮಸ್ತೂರಾಳನ್ನು ಹೊಗಳಿದರು. 'ನಿನ್ನ ವಕೀಲರಿಗೆ ಹೆದರಿಬಿಟ್ರು ಕಣೇ!'

ಅವಳೂ ಹಾಗೇ ಅಂದುಕೊಂಡಳು. ಹೈಕಲ್‌ನ ಹೆಸರು ಎಲ್ಲೂ ಇರಲಿಲ್ಲ. ಸಿಂಗಪುರದಲ್ಲಿ ಇನ್ನೂ ದೊಡ್ಡ ಕೆಲಸ ಸಿಕ್ಕಿ ಹೋದನಂತೆ ಎಂದು ಆಫೀಸಿನಲ್ಲಿ ಯಾರೋ ಅಂದರು.

"ಒಳ್ಳೇದಾಯ್ತು," ಎಂದಳು ಮಸ್ತೂರಾ. ಆಮೇಲೆ ಲಾಕರ್ ಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, ತನ್ನ ಗೆಲುವಿನ ದಿನ ಒಬ್ಬಳೇ ಅತ್ತಳು. ಯಾಕೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಒಂದು ತಿಂಗಳ ಬಳಿಕ ಸಂಘದೊಂದಿಗಿನ ಒಪ್ಪಂದಕ್ಕೆ ರುಜು ಹಾಕಲು ದಾತೋ ರಶ್ದಾನ್ ಖುದ್ದಾಗಿ ಬಂದರು. ಸೂಟು, ಸುಗಂಧ, ಬಿಗಿದ ತುಟಿ. ರುಜು ಹಾಕಿ ಪೆನ್ನನ್ನು ಮೇಜಿನ ಮೇಲೆ ಉರುಳಿಸಿದರು.

"ಸಂತೋಷನಾ ಈಗ? ನಮ್ಮ ಶೇರು ಎಷ್ಟು ಬಿದ್ದಿದೆ ಗೊತ್ತಾ?"

"ಆರುನೂರ ನಲವತ್ತು ಮನೆ ಬೀಳೋದಕ್ಕಿಂತ ಕಮ್ಮಿನೇ ಇರ್ಬೇಕು, ದಾತೋ."

"ನಾಲಿಗೆ ಚೆನ್ನಾಗಿದೆ. ಅವನಿಗೂ ನೀವೇ ಕಲಿಸಿರ್ಬೇಕು."

"ಯಾರಿಗೆ?"

"ಇನ್ಯಾರಿಗೆ? ನಿಮ್ಮ ಹೈಕಲ್‌ಗೆ! ಹನ್ನೆರಡು ವರ್ಷ ನಾನು ಬೆಳೆಸಿದ ಹುಡುಗ. ಕುರ್ಚಿ ಕೈಗಿಟ್ಟಿದ್ದೆ. ಬಾಯಿ ಮುಚ್ಕೊಂಡು ಕೂತಿದ್ರೆ ಸಾಕಾಗಿತ್ತು. ನಿರ್ದೇಶಕರೆಲ್ಲ ಕೂತಿರೋ ಸಭೆಯಲ್ಲಿ ಎದ್ದು ನಿಂತು, 'ತಪ್ಪು ಮಾಡಿದ್ದು ನಾನು, ತಿದ್ದದೇ ಇದ್ರೆ ಹೊರಗೆ ಹೋಗಿ ಹೇಳ್ತೀನಿ' ಅಂದ. ಅರ್ಧ ಗಂಟೆಲಿ ಅವನನ್ನ ಗೇಟಿನ ಹೊರಗೆ ಹಾಕಿಸ್ದೆ. ಇನ್ನು ಈ ದೇಶದ ಯಾವ ದೊಡ್ಡ ಕಂಪನೀಲೂ ಅವನಿಗೆ ಕೆಲಸ ಸಿಗಲ್ಲ."

ಮಸ್ತೂರಾ ಎದ್ದು ನಿಂತಳು. "ಸಿಂಗಪುರ...?"

"ಸಿಂಗಪುರ ಎಂಥದ್ದು!" ಎಂದು ನಕ್ಕು ಅವರು ಎದ್ದುಹೋದರು.

ಅವಳು ಲೈನಿಗೆ ಓಡಿದಳು. ಚಹಾದ ವಿರಾಮದಲ್ಲಿದ್ದ ಹಬ್ಸಾಳ ತೋಳು ಹಿಡಿದಳು. "ಕಾಕ್! ಅವನು... ಅವನೇ..."

ಹಬ್ಸಾ ಅವಳ ಮುಖ ನೋಡಿದಳು. ಆಮೇಲೆ ಲೋಟದೊಳಗೆ ನೋಡಿದಳು. ಆಮೇಲೆ ಚಾವಣಿ ನೋಡಿದಳು.

"ಕಾಕ್... ನಿಮಗೆ ಗೊತ್ತಿತ್ತಾ?!"

"ಒಂದ್ ತಿಂಗಳು ಬಾಯಿ ಮುಚ್ಕೊಂಡಿದ್ದೆ ಕಣೇ! ನನ್ನ ಜೀವಮಾನದಲ್ಲೇ ಇಷ್ಟು ದಿನ ಸುಮ್ನೆ ಇದ್ದೋಳಲ್ಲ. ವಾರಕ್ಕೆರಡು ಸಲ ಫೋನ್ ಮಾಡ್ತಾನೆ. 'ಹೇಗಿದಾರೆ, ಊಟ ಮಾಡಿದ್ರಾ, ನಗ್ತಾರಾ' ಅಂತ. ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದ. 'ನನ್ನ ಮುಖದ ಮುಂದೆ ಬರ್ಬೇಡಿ' ಅಂದಿದೀಯಂತೆ ನೀನು!"

"ಎಲ್ಲಿದಾನೆ?"

"ತೈಪಿಂಗ್ ಹತ್ರ, ಕುವಾಲಾ ಸೆಪೆತಾಂಗ್. ಅಕ್ಕನ ಮನೇಲಿ. ಮೀನುಗಾರರ ಸಹಕಾರ ಸಂಘದಲ್ಲಿ ಕೆಲಸ ಅಂತೆ." ಹಬ್ಸಾ ಕಣ್ಣು ಒರೆಸಿಕೊಂಡಳು. "ನಾಳೆ ನಿನಗೆ ರಜ ತಾನೇ?"

ಮರುದಿನ ಬೆಳಗ್ಗೆ ಬಟರ್‌ವರ್ತ್‌ನಿಂದ ಹೊರಟ ರೈಲಿನಲ್ಲಿ ಮಸ್ತೂರಾ ಕಿಟಕಿಗೆ ಒರಗಿ ಕೂತಿದ್ದಳು. ಏನು ಹೇಳಬೇಕೆಂದು ಹತ್ತು ಸಲ ಮನಸ್ಸಿನಲ್ಲೇ ಬರೆದಳು, ಹತ್ತು ಸಲ ಹೊಡೆದು ಹಾಕಿದಳು. 'ಕ್ಷಮಿಸಿ ಅನ್ನಲೇ? ಥ್ಯಾಂಕ್ಸ್ ಅನ್ನಲೇ? ಅಥವಾ ನೇರವಾಗಿ...' ಕೆನ್ನೆ ಬಿಸಿಯಾಯಿತು.

ಕೆಸರಿನ ವಾಸನೆಯ ಆ ಪುಟ್ಟ ಬಂದರಿನಲ್ಲಿ ದೋಣಿಗಳು ಆಗಷ್ಟೇ ಬಂದಿದ್ದವು. ಚೀಲಗಟ್ಟಲೆ ಸಮುದ್ರದ ಚಿಪ್ಪುಗಳನ್ನು ಇಳಿಸುತ್ತಿದ್ದರು. ತಕ್ಕಡಿಯ ಪಕ್ಕ ಒಬ್ಬ ನಿಂತಿದ್ದ. ಮಂಡಿಯವರೆಗೆ ಮಡಿಸಿದ ಪ್ಯಾಂಟು, ಕಾಲಿಗೆ ರಬ್ಬರ್ ಬೂಟು, ಕೆಸರು ಮೆತ್ತಿದ ಕನ್ನಡಕ. ಚಿಪ್ ಬಿಟ್ಟವನು ಚಿಪ್ಪಿಗೆ ಬಂದು ನಿಂತಿದ್ದ!

ರೈಲಿನಲ್ಲಿ ಬರೆದದ್ದೆಲ್ಲ ಅವಳಿಗೆ ಮರೆತುಹೋಯಿತು. ನೆನಪಾದದ್ದು ಸಿಟ್ಟು ಒಂದೇ.

"ಹೈಕಲ್!"

ಅವನು ತಿರುಗಿದ. ಕೈಯಲ್ಲಿದ್ದ ಚೀಲ ದೊಪ್ಪನೆ ಬಿತ್ತು.

"ನಿಮ್ಮನ್ನ ನೀವು ಏನಂತ ತಿಳ್ಕೊಂಡಿದೀರಾ?" ಅವಳು ಕೆಸರನ್ನೂ ಲೆಕ್ಕಿಸದೆ ನಡೆದುಬಂದಳು. "ದೊಡ್ಡ ತ್ಯಾಗಮೂರ್ತಿನಾ? ಒಂದು ಮಾತು ಹೇಳೋಕೆ ಏನಾಗಿತ್ತು ರೋಗ? ಒಂದ್ ತಿಂಗಳು! ನಿಮಗೆ ಒಂದ್ ತಿಂಗಳು ಬಯ್ದಿದೀನಿ ನಾನು, ಬೆಳಗ್ಗೆ ಎದ್ದು ಬಯ್ಯೋದು, ಮಲಗೋವಾಗ ಬಯ್ಯೋದು!"

ದೋಣಿಯವರೆಲ್ಲ ಕೆಲಸ ನಿಲ್ಲಿಸಿ ನೋಡತೊಡಗಿದರು. ಒಬ್ಬ ಮುದುಕ ಚೆನ್ನಾಗಿ ಕಾಣಲೆಂದು ಪೀಪಾಯಿಯ ಮೇಲೆ ಹತ್ತಿ ಕೂತ.

"ನೀವು ಮುಖ ತೋರಿಸ್ಬೇಡಿ ಅಂದಿದ್ರಿ," ಎಂದ ಹೈಕಲ್ ಮೆಲ್ಲಗೆ.

"ನಾನು ಹೇಳಿದ್ದೆಲ್ಲ ಕೇಳ್ತೀರಾ ನೀವು? ಕೋಣೇಲಿ ಮೂರು ವಾರ ಒಂದು ಮಾತೂ ಕೇಳ್ಲಿಲ್ಲ, ಇದೊಂದನ್ನ ಮಾತ್ರ ಕೇಳ್ಬೇಕಿತ್ತಾ?"

"ಏನಂತ ಬರ್ಲಿ, ಮಸ್ತೂರಾ? 'ನಿಮ್ಮ ಕೆಲಸ ಕಳೆಯೋಕೆ ಹೊರಟಿದ್ದೋನು ನಾನೇ, ಉಳಿಸಿದೋನೂ ನಾನೇ, ಈಗ ಶಭಾಷ್ ಅನ್ನಿ' ಅಂತನಾ?" ಅವನ ದನಿಯೂ ಏರಿತು. "ಆ ಟಿಪ್ಪಣಿ ಬರೆಯೋಕೆ ನನಗೆ ಐದು ನಿಮಿಷ ಹಿಡಿದಿತ್ತು. ಐದೇ ನಿಮಿಷ! ಅದರ ಕೆಳಗೆ ಯಾರಿದಾರೆ ಅಂತ ಒಂದ್ಸಲವೂ ಯೋಚ್ನೆ ಮಾಡಿರ್ಲಿಲ್ಲ. ಆ ಮೂರು ದಿನ ಹಳೇ ಕಡತ ಎಲ್ಲ ಹುಡುಕ್ತಾ ಇದ್ದೆ. ನಿಮ್ಮ ಫೋನ್ ಬಂದಾಗೆಲ್ಲ ಅದನ್ನ ಮಗುಚಿ ಇಡ್ತಿದ್ದೆ. ನಿಮ್ಮ ಮುಖ ನೋಡೋ ಯೋಗ್ಯತೆ ನನಗಿದೆ ಅಂತ ಅನ್ನಿಸ್ಲಿಲ್ಲ."

"ಆ ಕಡತ ಮೇಜಿನ ಮೇಲೆ ಯಾಕೆ ಬಿಟ್ಟಿದ್ರಿ?"

"ಪಟ್ಟಿ ಹೊರಡೋ ಮೊದಲು ತೋರಿಸ್ತೀನಿ ಅಂದಿದ್ನಲ್ಲ. ಬಾಯಲ್ಲಿ ಹೇಳೋ ಧೈರ್ಯ ಇರ್ಲಿಲ್ಲ. ನೀವು ಓದ್ಲಿ ಅಂತಲೇ ಬಿಟ್ಟಿದ್ದೆ."

ಅವಳ ಕೈಗೆ ಆ ಆಯುಧ ಅಕಸ್ಮಾತ್ತಾಗಿ ಸಿಕ್ಕಿರಲಿಲ್ಲ... ಅವನೇ ಕೊಟ್ಟಿದ್ದ. ತನ್ನ ವಿರುದ್ಧವೇ ಕೊಟ್ಟಿದ್ದ!

ಈಗ ಅವಳ ಕಣ್ಣೀರನ್ನು ತಡೆಯುವವರು ಯಾರೂ ಇರಲಿಲ್ಲ. ತಲೆವಸ್ತ್ರದ ಅಂಚಿನಿಂದ ಒರೆಸಿಕೊಂಡಷ್ಟೂ ಹರಿಯಿತು.

"ಅಳ್ಬೇಡಿ," ಎಂದ ಅವನು ಗಾಬರಿಯಾಗಿ. ಕೈ ಚಾಚಲು ಹೋಗಿ, ಕೆಸರು ನೋಡಿ, ಹಿಂದೆಗೆದುಕೊಂಡ. "ದಯವಿಟ್ಟು... ಬೇಕಾದ್ರೆ ಇನ್ನೂ ಬಯ್ಯಿರಿ."

"ನಾನಿನ್ನೂ ನಿಮ್ಮನ್ನ ಕ್ಷಮಿಸಿಲ್ಲ."

"ಗೊತ್ತು."

"ಕ್ಷಮಿಸೋಕೆ ತುಂಬ ದಿನ ಬೇಕು ನನಗೆ. ದೂರದಿಂದ ಆಗಲ್ಲ ಅದು. ದಿನಾ ಎದುರಿಗಿರ್ಬೇಕು... ದಿನಾ ಜಗಳ ಆಡ್ಬೇಕು."

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದಾಗ ಆ ಕಲ್ಲುಮುಖ ಪೂರಾ ಕರಗಿತು.

"ಮಸ್ತೂರಾ... ನನ್ನ ಹತ್ರ ಈಗ ಕುರ್ಚಿ ಇಲ್ಲ. ಸಂಬಳ ಅಂತ ಹೇಳ್ಕೊಳ್ಳೋಕೂ ಏನಿಲ್ಲ. ಮೈಯೆಲ್ಲ ಮೀನಿನ ವಾಸನೆ."

"ಕೆಲಸ ಹೋಗಿದೆ ಅಂತ ಬಿಟ್ಟುಹೋಗೋರು ಬೇರೆ. ನಾನು ಮಸ್ತೂರಾ."

ಪೀಪಾಯಿಯ ಮೇಲಿದ್ದ ಮುದುಕ ಸಹನೆ ಕಳೆದುಕೊಂಡ. "ಏಯ್ ಹುಡುಗಾ! ಬಾಯಿ ಬಿಟ್ಟು ಹೇಳೋ! ನಮ್ಮ ಮಂಜುಗಡ್ಡೆ ಕರಗ್ತಾ ಇದೆ!"

ಬಂದರಿನಲ್ಲೆಲ್ಲ ನಗು ಹಬ್ಬಿತು. ಮಸ್ತೂರಾ ನಾಚಿ ತಲೆ ತಗ್ಗಿಸಿದಳು. ಹೈಕಲ್ ಒಂದು ಹೆಜ್ಜೆ ಮುಂದೆ ಬಂದ.

"ನೀವಿಲ್ದೆ ನನಗೆ ಆಗಲ್ಲ," ಎಂದ. ಇನ್ನೂ ಏನೇನೋ ಹೇಳಲು ಹೊರಟು, ಕನ್ನಡಕದ ಕೆಸರು ಒರೆಸಿಕೊಂಡ. "ಅಕ್ಕನ್ನ ಕರ್ಕೊಂಡು ನಿಮ್ಮ ಮನೆಗೆ ಬರ್ಲಾ? ನಿಮ್ಮ ಮಾಕ್, ನಿಮ್ಮಮ್ಮನ ಹತ್ರ ಕೇಳೋಕೆ?"

"ನಮ್ಮ ಮಾಕ್ ನನಗಿಂತ ಜೋರು. ತುಂಬ ಪ್ರಶ್ನೆ ಕೇಳ್ತಾರೆ."

"ಎಲ್ಲದಕ್ಕೂ ನಿಜಾನೇ ಹೇಳ್ತೀನಿ."

"ಬೈದ್ರೆ?"

"ಕೂತು ಬೈಸ್ಕೋತೀನಿ."

"ಬರೋ ಶುಕ್ರವಾರ, ನಮಾಜ್ ಮುಗಿದ ಮೇಲೆ ಬನ್ನಿ." ಅವಳು ಅವನ ಕೆಸರಾದ ಅಂಗಿಯ ತೋಳಿನ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದಳು. ಬಿಡಲಿಲ್ಲ. "ತಡ ಮಾಡ್ಬೇಡಿ... ಅಬಾಂಗ್."

ಹೆಂಡತಿ ಗಂಡನನ್ನು ಕರೆಯುವ ಆ ಮಾತು ಕೇಳಿ ಹೈಕಲ್‌ನ ಕಣ್ಣು ತುಂಬಿಬಂತು.

"ಏನಂದೆ? ಇನ್ನೊಂದ್ಸಲ ಹೇಳು."

"ಶುಕ್ರವಾರ ಹೇಳ್ತೀನಿ," ಎಂದಳು ಮಸ್ತೂರಾ, ತೋಳು ಹಿಡಿದುಕೊಂಡೇ.